ಗುಡ್ಡದಲ್ಲಿ ಕರಗಿದ ಮನೆಗೆ ಹಳದಿ ಬಣ್ಣ ಕೋರಿ

ಇಂದ,
ಧರ್ಮೇಂದ್ರ,
ಮಾಲೀಕರು, ಮಾಲತಿ ಪೇಂಟ್ಸ್, ನಾಪೋಕ್ಲು.
ವಾಸ: ಕಾರೆಮೊಟ್ಟೆ ಗ್ರಾಮ, ದೊಡ್ಡ ತಿರುವು. (ಅಶೋಕ್ ಅವರ ಕಿತ್ತಳೆ ಬಣ್ಣದ ಮನೆಯ ಎದುರಿನ ಗುಡ್ಡದ ಒಳಗೆ. ಮೇಲೆ ಅಲ್ಲ, ಹಿಂದೆಯೂ ಅಲ್ಲ, ಒಳಗೆ.)

ಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಕಾರೆಮೊಟ್ಟೆ ಗ್ರಾಮ ಪಂಚಾಯಿತಿ,
ಕೊಡಗು ಜಿಲ್ಲೆ.

ವಿಷಯ: ನನ್ನ ಮನೆ ಇದೆ ಎಂದು ಒಪ್ಪಿಕೊಂಡು, ಅದು ಕಾಣದೇ ಇರುವುದಕ್ಕಾಗಿ ನನ್ನ ಮೇಲೆಯೇ ನೋಟಿಸ್ ಜಾರಿ ಮಾಡಿ, ಸದರಿ ಮನೆಗೆ ಕೂಡಲೇ ಹಳದಿ ಬಣ್ಣ ಬಳಿಯುವಂತೆ ನನಗೆ ಕಟ್ಟಪ್ಪಣೆ ವಿಧಿಸುವ ಬಗ್ಗೆ.

ಉಲ್ಲೇಖ:
೧. ತಮ್ಮ ಕಚೇರಿಯ ಬಿಲ್ ಕಲೆಕ್ಟರ್ ಶ್ರೀ ನಾಗರಾಜು ಅವರು ಬರೆದ ಷರಾ: "ಸ್ಥಳದಲ್ಲಿ ಮನೆ ಇಲ್ಲ. ಗುಡ್ಡ ಇದೆ. ಹಸು ಇದೆ."
೨. ಕಳೆದ ಹುತ್ತರಿಯ ಮರುದಿನ ನಮ್ಮ ತಾರಸಿಯ ಮೇಲೆ ನಡೆದ ಹಾಡುಗಾರಿಕೆ.
೩. ನನ್ನ ಹೆಂಡತಿ ಶ್ರೀಮತಿ ಮಾಲತಿಯವರು ಬಸ್ಸಿನ ಕಿಟಕಿಯಿಂದ ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಅರ್ಜಿಯನ್ನು ಓದುವ ಮೊದಲು ತಾವು ಒಮ್ಮೆ ತಮ್ಮ ಕಚೇರಿಯ ಹಿಂದಿನ ಕಿಟಕಿಯಿಂದ ಹೊರಗೆ ನೋಡಬೇಕಾಗಿ ವಿನಂತಿ. ಗದ್ದೆ ಬಯಲು ಕಾಣುತ್ತದೆ. ಬಯಲಿನ ಆಚೆ ಅಶೋಕ್ ಅವರ ಮನೆ ಕಾಣುತ್ತದೆ. ಅದು ಕಾಣದೇ ಇರಲು ಸಾಧ್ಯವಿಲ್ಲ. ಅದರ ಎದುರಿಗೆ ಒಂದು ಗುಡ್ಡ ಕಾಣುತ್ತದೆ. ಆ ಗುಡ್ಡದೊಳಗೆ ಮೂರು ಮಲಗುವ ಕೋಣೆ, ಒಂದು ಹಜಾರ, ಅಡುಗೆಮನೆ, ದೇವರ ಕೋಣೆ ಮತ್ತು ನಾನು ಇದ್ದೇವೆ. ಇದನ್ನು ತಾವು ನಂಬಲಾರಿರಿ ಎಂಬ ಕಾರಣಕ್ಕಾಗಿಯೇ ಈ ಕೆಳಗಿನ ಅಂಶಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

೧. ನಾನು ನಾಪೋಕ್ಲಿನಲ್ಲಿ ಬಣ್ಣದ ಅಂಗಡಿ ಇಟ್ಟಿರುವ ವಿಚಾರ ತಮಗೆ ತಿಳಿದೇ ಇದೆ. ನಾಪೋಕ್ಲಿನಿಂದ ದೊಡ್ಡ ತಿರುವಿನವರೆಗೆ ರಸ್ತೆಯ ಎರಡೂ ಬದಿಯಲ್ಲಿ ಕಣ್ಣಿಗೆ ರಾಚುವ ಯಾವ ಮನೆಯನ್ನು ನೋಡಿದರೂ ಅದರ ಪಾಪದಲ್ಲಿ ನನ್ನದೊಂದು ಪಾಲಿದೆ. ಗಿಳಿಹಸಿರು ನನ್ನದು. ಕಂಬಕ್ಕೆ ಚಿನ್ನದ ಬಣ್ಣ, ಕಾಂಪೌಂಡಿಗೆ ನೇರಳೆ, ಎರಡೂ ನನ್ನದೇ. ಅಶೋಕ್ ಅವರ ಮನೆಯ ಕಿತ್ತಳೆ ಬಣ್ಣವಂತೂ ನಾನೇ ನಿಂತು ಕಲಸಿಕೊಟ್ಟದ್ದು. ಅವರ ಗೇಟಿನ ಎರಡೂ ಕಡೆ ಸಿಮೆಂಟಿನ ಆನೆಗಳಿವೆ, ತಾರಸಿಯ ಮೇಲೆ ಕಾಫಿ ಲೋಟದ ಆಕಾರದ ನೀರಿನ ಟ್ಯಾಂಕ್ ಇದೆ. ಊರಿಗೆಲ್ಲ ಬಣ್ಣ ಹಚ್ಚಿದವನ ಮನೆಗೆ ಬಣ್ಣವೇ ಇಲ್ಲದಂತಾದದ್ದು ಹೇಗೆ ಎಂಬುದೇ ಈ ಅರ್ಜಿಯ ಸಾರಾಂಶ.

೨. ನನ್ನ ಹೆಂಡತಿ ಮಾಲತಿ ಮದುವೆಯಾದಾಗಿನಿಂದ ಅಂಗಡಿಯ ಹಿಂದಿನ ಬಾಡಿಗೆ ಮನೆಯಲ್ಲಿ, ಟರ್ಪೆಂಟೈನ್ ವಾಸನೆಯಲ್ಲಿ ಸಂಸಾರ ಮಾಡಿದವಳು. ಆ ಮನೆಗೆ ಮುಂಭಾಗವೇ ಇರಲಿಲ್ಲ. ಅಂಗಡಿಯ ಶಟರೇ ಮುಂಭಾಗ. ಆದ್ದರಿಂದ ಗುಡ್ಡದ ಜಾಗ ಕೊಂಡ ದಿನ ಅವಳು ಕೇಳಿದ್ದು ಒಂದೇ: "ನಂಗೆ ಮಾರ್ಬಲ್ ಬೇಡ, ಮಾಡ್ಯುಲರ್ ಕಿಚನ್ ಬೇಡ. ಬಸ್ಸಲ್ಲಿ ಹೋಗುವವರು ಕೈ ತೋರಿಸಿ 'ಓ, ಅದು ಮಾಲತಿ ಮನೆ' ಅಂತ ಹೇಳ್ಬೇಕು. ಅಷ್ಟೇ." ಶೇಡ್ ಕಾರ್ಡ್ ತೆಗೆದು ತಾನೇ ಒಂದು ಹಳದಿಯನ್ನು ಆರಿಸಿ, ಮರೆಯಬಾರದೆಂದು ಅದರ ಮೇಲೆ ಉಗುರಿನಿಂದ ಗೀರಿಟ್ಟಳು. ಚೆಂಡು ಹೂವಿನ ಹಳದಿ. ಇದಕ್ಕಿಂತ ಸುಲಭದ ಆಸೆಯನ್ನು ಯಾವ ಬಣ್ಣದ ಅಂಗಡಿಯವನ ಹೆಂಡತಿಯೂ ಪಟ್ಟಿರಲಾರಳು.

೩. ಹೀಗಿರುವಾಗ ಮಾಲತಿಯ ಅಣ್ಣನ ಮಗಳು ಶೋಭಿತಾ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಮುಗಿಸಿ ಪೊನ್ನಂಪೇಟೆಯ ಮನೆಗೆ ಬಂದಳು. ಸ್ವಂತ ಅಣ್ಣನ ಮಗಳಿರುವಾಗ ಹೊರಗಿನವರಿಗೆ ಪ್ಲಾನ್ ಕೊಡುವುದು ಸರಿಯೇ? ಕೊಡಲಿಲ್ಲ. ಹುಡುಗಿ ಬುದ್ಧಿವಂತೆ, ಒಳ್ಳೆಯವಳು, ನಮ್ಮ ಮನೆ ಅವಳ ಮೊದಲ ಕೆಲಸ. ಅವಳು ಗುಡ್ಡದ ಮೇಲೆ ಒಂದು ಇಡೀ ದಿನ ಸುಮ್ಮನೆ ಕುಳಿತಿದ್ದು ಸಂಜೆ ಇಳಿದು ಬಂದು ಹೇಳಿದ ಮಾತನ್ನು ಯಥಾವತ್ತಾಗಿ ದಾಖಲಿಸುತ್ತೇನೆ: "ಮಾವ, ನಾವು ಗುಡ್ಡದ ಮೇಲೆ ಮನೆ ಕೂರಿಸೋದು ಬೇಡ. ಗುಡ್ಡಕ್ಕೇ ಗೊತ್ತಾಗದ ಹಾಗೆ ಒಳಗೆ ಸೇರಿಸುವ."

ಗುಡ್ಡಕ್ಕೆ ಗೊತ್ತಾಗಲಿಲ್ಲ. ಬೇರೆ ಯಾರಿಗೂ ಗೊತ್ತಾಗಲಿಲ್ಲ.

೪. ಸದರಿ ಮನೆಯ ಹೊರಭಾಗದ ವಿವರ ಹೀಗಿದೆ. ತಾರಸಿಯ ಮೇಲೆ ಮಣ್ಣು ಹರಡಿ ಗುಡ್ಡದ್ದೇ ಹುಲ್ಲು ಬೆಳೆಸಲಾಗಿದೆ. ಗುಡ್ಡ ಎಲ್ಲಿ ಮುಗಿಯಿತು, ತಾರಸಿ ಎಲ್ಲಿ ಶುರುವಾಯಿತು ಎಂಬುದು ಕಟ್ಟಿದ ಮೇಸ್ತ್ರಿಗೇ ಈಗ ತಿಳಿಯುವುದಿಲ್ಲ. ಪಕ್ಕದ ಗೋಡೆಗಳಿಗೆ ಗುಡ್ಡದ ಮಣ್ಣಿನದ್ದೇ ಗಾರೆ, ಅದರ ಮೇಲೆ ಕಾಳುಮೆಣಸಿನ ಬಳ್ಳಿ. ಗದ್ದೆಯ ಕಡೆಗೆ ಇಡೀ ಗೋಡೆ ಗಾಜಿನದು. ಈ ಗಾಜು ಒಳಗಿನವರಿಗೆ ಕಿಟಕಿ, ಹೊರಗಿನವರಿಗೆ ಕನ್ನಡಿ. ರಸ್ತೆಯಿಂದ ನೋಡುವವರಿಗೆ ಅದರಲ್ಲಿ ಗದ್ದೆಯೇ ಪ್ರತಿಫಲಿಸುವುದರಿಂದ, ಗದ್ದೆ ಇನ್ನೂ ಸ್ವಲ್ಪ ಉದ್ದ ಇದೆ ಎಂದು ತಿಳಿದು ಸುಮ್ಮನಾಗುತ್ತಾರೆ. ಬೇಸಿಗೆಯಲ್ಲಾದರೂ ಗುಡ್ಡದ ಹುಲ್ಲು ಒಣಗಿ ತಾರಸಿಯದು ಹಸಿರಾಗಿ ಉಳಿದು, ಮನೆಯ ಆಕಾರ ಎದ್ದು ಕಾಣಬಹುದೆಂದು ನಾನು ಆಸೆಯಿಂದ ಕಾದಿದ್ದೆ. ಶೋಭಿತಾ ಅದನ್ನೂ ಮೊದಲೇ ಯೋಚಿಸಿದ್ದಳು. ಗುಡ್ಡ ಒಣಗಿದ ವಾರವೇ ಮನೆಯೂ ಒಣಗಿತು.

೫. ತತ್ಪರಿಣಾಮವಾಗಿ ಉಂಟಾದ ತೊಂದರೆಗಳು:

(ಅ) ಗೃಹಪ್ರವೇಶಕ್ಕೆ ಬಂದ ಪುರೋಹಿತರು ನೇರ ಅಶೋಕ್ ಅವರ ಮನೆಗೆ ಹೋಗಿ, ಸೋಫಾದಲ್ಲಿ ಕುಳಿತು, ಕಾಫಿ ಕುಡಿದು, ಹೋಮಕುಂಡ ಎಲ್ಲಿ ಎಂದು ಕೇಳಿದ್ದಾರೆ. ಅಶೋಕ್ ಅವರು ಸಜ್ಜನರಾದ್ದರಿಂದ ಇಲ್ಲ ಎನ್ನಲು ಸಂಕೋಚಪಟ್ಟು ಇನ್ನೊಂದು ಲೋಟ ಕಾಫಿ ತರಿಸಿದ್ದಾರೆ.

(ಆ) ಎಸ್ಟೇಟಿನ ಲೈನ್‌ಮನೆಯ ದೊಡ್ಡಿ ಎಂಬಾಕೆಯ ಹಸು ನಮ್ಮ ತಾರಸಿಯ ಕಾಯಂ ನಿವಾಸಿಯಾಗಿದೆ. ಸ್ನಾನದ ಕೋಣೆಗೆ ಬೆಳಕು ಬರಲೆಂದು ಮೇಲ್ಛಾವಣಿಗೆ ಒಂದು ಗಾಜು ಕೂರಿಸಿದ್ದು, ನಾನು ಸ್ನಾನ ಮಾಡುವಾಗ ಸದರಿ ಹಸು ಅದರ ಮೂಲಕ ಕೆಳಗೆ ನೋಡುತ್ತ ಮೆಲುಕು ಹಾಕುತ್ತದೆ. ಈ ಬಗ್ಗೆ ದೂರಿದಾಗ ದೊಡ್ಡಿ, "ಅದು ಹುಲ್ಲು ನೋಡೋದು ಅಯ್ಯ, ನಿಮ್ಮನ್ನಲ್ಲ. ನಿಮ್ಮಲ್ಲಿ ಎಂತ ಉಂಟು ನೋಡ್ಲಿಕ್ಕೆ?" ಎಂದು ಉತ್ತರಿಸಿದ್ದಾಳೆ.

(ಇ) ಮಳೆಗಾಲದ ಕೊನೆಯಲ್ಲಿ ಒಂಟಿ ಆನೆಯೊಂದು ಈ ಕಡೆ ಬಂದಾಗ ಗ್ರಾಮದ ವಾಟ್ಸಾಪ್ ಗುಂಪಿನಲ್ಲಿ, "ಆನೆ ದೊಡ್ಡ ತಿರುವಿನ ಖಾಲಿ ಗುಡ್ಡದ ಮೇಲೆ ನಿಂತಿದೆ. ಸುತ್ತಮುತ್ತ ಮನೆಗಳಿಲ್ಲ. ಯಾರೂ ಗಾಬರಿಪಡಬೇಡಿ" ಎಂಬ ಸಂದೇಶ ಬಂದಿತು. ಖಾಲಿ ಗುಡ್ಡದ ಒಳಗೆ ಮಂಚದ ಕೆಳಗೆ ಕುಳಿತು ಆ ಸಂದೇಶವನ್ನು ಓದಿದವನು ನಾನು. ಅದಕ್ಕೆ ಹೆಬ್ಬೆರಳಿನ ಚಿತ್ರ ಹಾಕಿ ಮೆಚ್ಚಿದವರಲ್ಲಿ ತಾವೂ ಒಬ್ಬರು.

(ಈ) ಬಿಲ್ ಕಲೆಕ್ಟರ್ ನಾಗರಾಜು ಅವರು ಕಂದಾಯ ನಿಗದಿ ಮಾಡಲು ಬಂದವರು ನನಗೆ ಫೋನ್ ಮಾಡಿ, "ಸಾರ್, ನಿಮ್ ಜಾಗ್ದಲ್ಲೇ ನಿಂತಿವ್ನಿ. ಮನೆ ಎಲ್ಲೈತೆ?" ಎಂದರು. ಅವರ ಕಾಲಿನ ಕೆಳಗೇ ಇದೆ ಎಂದು ನಾನು ವಿನಯದಿಂದ ತಿಳಿಸಿದೆ. "ಡ್ಯೂಟಿ ಟೈಮಲ್ಲಿ ತಮಾಷೆ ಬ್ಯಾಡಿ ಸಾರ್. ಲೈಸೆನ್ಸಲ್ಲಿ ಮನೆ ಐತೆ, ಕಣ್ಣಿಗ್ ಕಾಣ್ತಿಲ್ಲ. ಕಣ್ಣಿಗ್ ಕಾಣದ್ದಕ್ಕೆ ನಾನೆಂಗೆ ಟ್ಯಾಕ್ಸ್ ಹಾಕ್ಲಿ?" ಎಂದು ಉಲ್ಲೇಖ ೧ರ ಷರಾ ಬರೆದು, ಹಸುವಿಗೆ ಕೈಮುಗಿದು ಹೋದರು. ಕಂದಾಯ ಹಾಕಿರೆಂದು ಪಂಚಾಯಿತಿಯ ಬೆನ್ನು ಬಿದ್ದ ಮೊದಲ ಪ್ರಜೆ ನಾನೇ ಇರಬೇಕು.

೬. ಮೇಲಿನ ಎಲ್ಲವನ್ನೂ ನಾನು ನಗುತ್ತ ಸಹಿಸಿಕೊಂಡಿದ್ದೆ. ಸಹಿಸಲಾಗದೇ ಹೋದದ್ದು ಹುತ್ತರಿಯಲ್ಲಿ.

ಹೊಸ ಮನೆಯಲ್ಲಿ ಮೊದಲ ಹುತ್ತರಿ ಹಬ್ಬ. ಗದ್ದೆಯಿಂದ ಹೊಸ ಭತ್ತದ ಕದಿರು ತಂದಾಯಿತು, ದೀಪಕ್ಕೆ, ಬಾಗಿಲಿಗೆ, ಅಕ್ಕಿ ಪೆಟ್ಟಿಗೆಗೆ ಕಟ್ಟಿಯಾಯಿತು. ಮರುದಿನ ಹಾಡುಗಾರರು ದುಡಿ ಬಡಿಯುತ್ತ ಮನೆಮನೆಗೆ ಬಂದು, ಬಾಗಿಲಲ್ಲಿ ನಿಂತು, ಆ ಮನೆಯ ಹೆಸರು ಹಿಡಿದು ಹಾಡಿ ಹರಸುವುದು ನಮ್ಮ ಕಡೆಯ ಪದ್ಧತಿ. ಬಾಡಿಗೆ ಮನೆಗೆ ಅವರು ಯಾವತ್ತೂ ಬಂದವರಲ್ಲ, ಏಕೆಂದರೆ ಶಟರ್ ಹಾಕಿದ ಅಂಗಡಿಯ ಮುಂದೆ ನಿಂತು ಯಾರು ಹಾಡುತ್ತಾರೆ? ಆದ್ದರಿಂದ ಮಾಲತಿ ಈ ದಿನಕ್ಕಾಗಿ ತನ್ನ ಸಂಸಾರದುದ್ದಕ್ಕೂ ಕಾದಿದ್ದಳು ಎಂದರೆ ಅತಿಶಯೋಕ್ತಿಯಲ್ಲ. ತಂಬಿಟ್ಟು ಮಾಡಿದ್ದಳು, ಗೆಣಸು ಬೇಯಿಸಿದ್ದಳು. ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಅಕ್ಕಿ, ದೀಪ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

ದುಡಿಯ ಸದ್ದು ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಆಮೇಲೆ ನಮ್ಮ ತಲೆಯ ಮೇಲೆ ಬಂತು.

ತಂಡದ ಮುಂದಾಳು ರವಿಯ ಮಾತು ಸ್ನಾನದ ಕೋಣೆಯ ಗಾಜಿನಿಂದ ಸ್ಪಷ್ಟವಾಗಿ ಕೇಳಿಸಿತು. "ಇಲ್ಲಿಂದ ಅಶೋಕಣ್ಣನ ಮನೆ ಸರಿ ಕಾಣ್ತದೆ ಮಾರಾಯ್ರೆ. ಅಲ್ಲಿವರೆಗೆ ಇಳಿದು ಹತ್ತುವಾಗ ಮಧ್ಯಾಹ್ನ ಆಗ್ತದೆ. ಇಲ್ಲೇ ನಿಂತು ಹಾಡುವ." ನಮ್ಮ ಮನೆಯ ಮೇಲೆ ನಿಂತು, ಎದುರಿನ ಮನೆಯ ಕಡೆ ಮುಖ ಮಾಡಿ, ಅಶೋಕ್ ಅವರ ಮನೆ ಬೆಳಗಲಿ, ಅವರ ಕಣಜ ತುಂಬಲಿ, ಅವರ ಹಟ್ಟಿ ತುಂಬಲಿ ಎಂದು ಪೂರ್ತಿ ಹಾಡಿದರು. ಎದುರು ಗುಡ್ಡದಿಂದ ಅಶೋಕ್ ಅವರು ಕೈಬೀಸಿದರು.

ಮಾನ್ಯರೇ, ಆ ಹಾಡು ಮುಗಿಯುವವರೆಗೂ ಮಾಲತಿ ತಟ್ಟೆಯನ್ನು ಸೂರಿನ ಕಡೆಗೆ ಎತ್ತಿ ಹಿಡಿದುಕೊಂಡೇ ನಿಂತಿದ್ದಳು. ಹರಸುವ ಹಾಡನ್ನು ನಡುವೆ ತಡೆಯಬಾರದೆಂದು ಕಾದಿದ್ದ ನಾನು ಪಕ್ಕದ ಮೆಟ್ಟಿಲು ಹತ್ತಿ ಮೇಲೆ ಓಡುವಷ್ಟರಲ್ಲಿ ತಂಡ ಕಾಫಿ ತೋಟದೊಳಗೆ ಇಳಿದು ಹೋಗಿತ್ತು. ತಾರಸಿಯ ಮೇಲೆ ಹಸು ಒಂದೇ ಇತ್ತು. ನಾನು ಕೆಳಗೆ ಬಂದಾಗ ಮಾಲತಿ ತಂಬಿಟ್ಟನ್ನು ಡಬ್ಬಿಗೆ ತುಂಬುತ್ತಿದ್ದಳು. ಜಗಳ ಮಾಡಲಿಲ್ಲ, ಅಳಲಿಲ್ಲ. "ಊರವರ ಲೆಕ್ಕದಲ್ಲಿ ನಾವು ಇಲ್ಲ ಅಲ್ವ?" ಎಂದಳು. ಮಧ್ಯಾಹ್ನದ ಬಸ್ಸಿಗೆ ಪೊನ್ನಂಪೇಟೆಯ ಅಣ್ಣನ ಮನೆಗೆ ಹೋದಳು. ಈಗ ಕಾಫಿ ಕೊಯ್ಲು ಮುಗಿಯುತ್ತ ಬಂದರೂ ಅವಳು ವಾಪಸು ಬಂದಿರುವುದಿಲ್ಲ.

೭. ಹಾಗಿದ್ದರೆ ಬಣ್ಣದ ಅಂಗಡಿಯವನಾದ ನೀನು ಒಂದು ಡಬ್ಬ ಹಳದಿ ತಂದು ಬಳಿದುಕೊಳ್ಳಬಾರದೇ ಎಂದು ತಾವು ಕೇಳಬಹುದು. ಕೇಳಿಯೇ ಕೇಳುತ್ತೀರಿ. ತೊಂದರೆ ಏನೆಂದರೆ, ಮಾಲತಿ ಈಗ ಇರುವುದು ಶೋಭಿತಾಳ ಮನೆಯಲ್ಲಿ. ಅಣ್ಣನ ಮನೆಯ ಅನ್ನ ಉಣ್ಣುತ್ತ ಅಣ್ಣನ ಮಗಳ ಮನೆ ಚೆನ್ನಾಗಿಲ್ಲ ಎನ್ನುವುದು ಹೇಗೆ? ಆದ್ದರಿಂದ ಅವಳು ಅಲ್ಲಿ, "ಸ್ವಲ್ಪ ದಿನ ರೆಸ್ಟ್ ಮಾಡುವ ಅಂತ ಬಂದೆ" ಎಂದು ಹೇಳಿರುತ್ತಾಳೆ. ಶೋಭಿತಾ ಅದನ್ನು ನಂಬಿರುತ್ತಾಳೆ. ಫೋನಿನಲ್ಲಿ ಮಾಲತಿ ನನಗೆ ವಿಧಿಸಿರುವ ಷರತ್ತುಗಳು ಎರಡು: ಮನೆ ರಸ್ತೆಗೆ ಕಾಣುವವರೆಗೆ ತಾನು ಬರುವುದಿಲ್ಲ, ಮತ್ತು, "ಮಗು ಮನಸ್ಸು ನೋಯುವ ಹಾಗೆ ನೀವು ಒಂದು ಬ್ರಷ್ ಸಹ ಮುಟ್ಟಬಾರದು."

ಈ ಎರಡನ್ನೂ ಒಟ್ಟಿಗೆ ಪಾಲಿಸುವ ದಾರಿ ತಮಗೇನಾದರೂ ಹೊಳೆದರೆ ಈ ಅರ್ಜಿಯನ್ನು ಇಲ್ಲಿಗೇ ಮುಚ್ಚಿಬಿಡಬಹುದು.

ನಾನೇ ಒಮ್ಮೆ ಶೋಭಿತಾಳಿಗೆ ಫೋನ್ ಮಾಡಿ, ಬಹಳ ಸುತ್ತು ಬಳಸಿ, ಒಂದು ಸಣ್ಣ ಹಳದಿ ಪಟ್ಟಿ ಎಳೆದರೆ ಹೇಗೆ ಎಂದು ಕೇಳಿದೆ. "ಅಯ್ಯೋ ಮಾವ, ಮ್ಯಾಗಜೀನಿಂದ ಮನೆ ಫೋಟೋ ತೆಗೀಲಿಕ್ಕೆ ಬಂದವರು ಎಷ್ಟು ಖುಷಿಪಟ್ರು ಗೊತ್ತುಂಟಾ? ಡ್ರೋನ್ ಹಾರಿಸಿದ್ರೂ ಅವರಿಗೆ ಮನೆ ಸಿಗಲಿಲ್ಲ!" ಎಂದು ಸಂತೋಷದಿಂದ ಕೂಗಿದಳು. ಆಮೇಲೆ ಹೇಳಿದಳು, "ನಮ್ಮ ಹಳೇ ಮನೆಗಳೂ ಹಾಗೇ ಅಲ್ವ ಮಾವ? ಓಣಿ ಸುತ್ತಿ ಸುತ್ತಿ ಹೋದ್ಮೇಲೇ ಮನೆ ಕಾಣೋದು."

ಅವಳು ಹೇಳಿದ್ದು ನಿಜ. ಆದರೆ ಓಣಿ ಇತ್ತಲ್ಲ? ಎರಡು ಬದಿಗೆ ಮಣ್ಣಿನ ದಿಬ್ಬ, ನಡುವೆ ಕಾಲು ಸವೆದ ದಾರಿ. ಅದನ್ನು ಕಂಡರೆ ಸಾಕು, ಒಳಗೆ ಒಲೆ ಉರಿಯುತ್ತಿದೆ, ಯಾರೋ ಇದ್ದಾರೆ, ಹೋದರೆ ಕಾಫಿ ಸಿಗುತ್ತದೆ ಎಂದು ಹಾದಿಹೋಕನಿಗೂ ತಿಳಿಯುತ್ತಿತ್ತು. ಹಳೆಯ ಮನೆ ಮರೆಯಲ್ಲಿ ಇದ್ದರೂ ಬಾ ಎನ್ನುತ್ತಿತ್ತು. ನಮ್ಮದು ಅಡಗಿ ಕುಳಿತಿದೆ. ಇದನ್ನು ನಾನು ಹುಡುಗಿಗೆ ಹೇಳದೆ ತಮಗೆ ಬರೆಯುತ್ತಿದ್ದೇನೆ.

೮. ಈ ಅಂಶ ಕಂದಾಯಕ್ಕೆ ಸಂಬಂಧಪಟ್ಟದ್ದಲ್ಲ, ಆದರೂ ಕಡತದಲ್ಲಿರಲಿ. ಮಾಲತಿ ನಾಪೋಕ್ಲಿನ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಯಾದ್ದರಿಂದ ಪ್ರತಿ ಶುಕ್ರವಾರ ವಿರಾಜಪೇಟೆ ಕಡೆಯಿಂದ ಬರುವ ಬಸ್ಸಿನಲ್ಲಿ ಸಭೆಗೆ ಬರುತ್ತಾಳೆ. ಸಂಘಕ್ಕೆ ಬರುತ್ತಾಳೆ, ಮನೆಗೆ ಬರುವುದಿಲ್ಲ. ಬಸ್ಸು ದೊಡ್ಡ ತಿರುವಿನಲ್ಲಿ ನಿಧಾನವಾಗುತ್ತದೆ. ನಾನು ಆ ಹೊತ್ತಿಗೆ ಅಂಗಡಿಯನ್ನು ಹುಡುಗರ ಕೈಗೆ ಬಿಟ್ಟು ಬಂದು ಗಾಜಿನ ಹಿಂದೆ ನಿಂತಿರುತ್ತೇನೆ. ಗದ್ದೆಯ ಆಚೆ, ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಕಾಣುತ್ತದೆ. ಅವಳು ನೇರ ನನ್ನ ಕಡೆಗೇ ನೋಡುತ್ತಾಳೆ. ನಾನು ಕೈಬೀಸುತ್ತೇನೆ. ಅವಳಿಗೆ ಕಾಣುವುದು ಗದ್ದೆ.

ಒಮ್ಮೆ ತಡೆಯಲಾರದೆ ರಸ್ತೆಗೇ ಹೋಗಿ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದೆ. ಬಸ್ಸು ನಿಂತಿತು. ಮಾಲತಿ ಕಿಟಕಿಯ ಗಾಜು ಸರಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಕಾಣ್ತೀರಿ. ಸಣ್ಣ ಆಗಿದ್ದೀರಿ. ಮನೆ ಕಾಣ್ತಾ ಇಲ್ಲ," ಎಂದಳು. ಕಂಡಕ್ಟರ್, "ಹತ್ತುದಾದ್ರೆ ಹತ್ತಿ ಧರ್ಮಣ್ಣ, ಇಲ್ಲಾಂದ್ರೆ ಬಿಡಿ," ಎಂದು ಸೀಟಿ ಊದಿದ. ಉಲ್ಲೇಖ ೩ರಲ್ಲಿ ಹೇಳಿದ ಆದೇಶ ಇದೇ.

೯. ಸದರಿ ಮನೆಯ ಒಳಗಿನಿಂದ ಕಾಣುವ ನೋಟದ ಬಗ್ಗೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಬೆಳಿಗ್ಗೆ ಗದ್ದೆಯ ಮೇಲಿನ ಮಂಜು ಏಳುವುದನ್ನು ನೋಡಿದರೆ ಶೋಭಿತಾಳಿಗೆ ಕೈಮುಗಿಯಬೇಕೆನಿಸುತ್ತದೆ. ಆ ಹುಡುಗಿ ತಪ್ಪು ಮಾಡಿಲ್ಲ. ಆದರೆ ಇಷ್ಟು ಚೆಂದದ್ದನ್ನು ಒಬ್ಬನೇ ಕಾಫಿ ಲೋಟ ಹಿಡಿದು ನೋಡುವುದು ಶಿಕ್ಷೆ. ಪಕ್ಕದಲ್ಲಿ "ಸಕ್ಕರೆ ಜಾಸ್ತಿ ಹಾಕಿದ್ರಾ?" ಎಂದು ಗದರುವವರು ಇರಬೇಕು. ನನಗೆ ಮಾಲತಿ ಬೇಕು. ಇದನ್ನು ಕಚೇರಿ ಭಾಷೆಯಲ್ಲಿ ಹೇಗೆ ಬರೆಯಬೇಕೆಂದು ತಿಳಿಯದ ಕಾರಣ ಹೀಗೇ ಬರೆದಿದ್ದೇನೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಹಾಗೂ ಸರ್ಕಾರದ ಆದೇಶ ಬಂದರೆ ಯಾರ ಮನಸ್ಸೂ ನೋಯುವುದಿಲ್ಲ, ಎಲ್ಲರೂ ಸೇರಿ ಸರ್ಕಾರವನ್ನು ಬೈದುಕೊಂಡು ಹಾಯಾಗಿರಬಹುದು ಎಂಬ ಕಾರಣದಿಂದಲೂ, ತಾವು ದಯವಿಟ್ಟು:

ಒಂದು, ನನ್ನ ಮನೆ ಇದೆ ಎಂದು ದಾಖಲಿಸಿ ಕಂದಾಯ ವಿಧಿಸಬೇಕು.

ಎರಡು, "ನಿಮ್ಮ ಮನೆ ರಸ್ತೆಗೆ ಕಾಣದೇ ಇರುವುದರಿಂದ ಸಾರ್ವಜನಿಕರಿಗೆ, ಪುರೋಹಿತರಿಗೆ, ಹಾಡುಗಾರರಿಗೆ ಹಾಗೂ ಕಾಡಾನೆಗೆ ತೊಂದರೆಯಾಗುತ್ತಿದ್ದು, ಕೂಡಲೇ ಗಾಜಿನ ಅಕ್ಕಪಕ್ಕದ ಗೋಡೆಗಳಿಗೆ ಚೆಂಡು ಹೂವಿನ ಹಳದಿ ಬಣ್ಣ ಬಳಿಯತಕ್ಕದ್ದು, ತಪ್ಪಿದಲ್ಲಿ ಕಠಿಣ ಕ್ರಮ ಜರುಗಿಸಲಾಗುವುದು" ಎಂದು ನನಗೆ ನೋಟಿಸ್ ನೀಡಬೇಕು. ಯಾವ ಕಾಯ್ದೆಯ ಯಾವ ಕಲಮಿನ ಅಡಿಯಲ್ಲಿ ಎಂಬುದನ್ನು ತಾವೇ ಹುಡುಕಿಕೊಳ್ಳಬೇಕು. ಬೇರೆಯವರಿಗೆ ನೋಟಿಸ್ ಕೊಡುವಾಗ ಹೇಗೂ ಸಿಗುತ್ತದೆ. ಭಾಷೆ ಎಷ್ಟು ಒರಟಾಗಿದ್ದರೆ ಅಷ್ಟು ಒಳ್ಳೆಯದು. ನನ್ನನ್ನು ಬೇಜವಾಬ್ದಾರಿ ಎನ್ನಬಹುದು. ಪ್ಲಾನ್ ಮಾಡಿದವರ ಬಗ್ಗೆ ಮಾತ್ರ, "ವಿನ್ಯಾಸ ಅತ್ಯುತ್ತಮವಾಗಿದ್ದರೂ" ಎಂದು ಒಂದು ಸಾಲು ಸೇರಿಸಬೇಕು.

ಮೂರು, ನೋಟಿಸಿನ ಒಂದು ಪ್ರತಿಯನ್ನು ಪೊನ್ನಂಪೇಟೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಅದನ್ನು ಓದಿ ಶೋಭಿತಾ ಪಂಚಾಯಿತಿಗೆ ಶಾಪ ಹಾಕುತ್ತಾಳೆ. ಅದನ್ನು ತಾವು ಊರಿನ ಅಭಿವೃದ್ಧಿಗಾಗಿ ಸಹಿಸಿಕೊಳ್ಳಬೇಕು.

ತಮ್ಮ ಬೈಗುಳಕ್ಕಾಗಿ ಬಾಗಿಲು ತೆರೆದಿಟ್ಟು ಕಾಯುತ್ತಿರುವ, ತಮ್ಮ ವಿಶ್ವಾಸಿ,

(ಧರ್ಮೇಂದ್ರ)

ಲಗತ್ತುಗಳು:
೧. ಮನೆಯ ಭಾವಚಿತ್ರ. (ಹಸುವಿನ ಕೆಳಗೆ ನೋಡುವುದು.)
೨. ಅದೇ ಮನೆಯ ಇನ್ನೊಂದು ಭಾವಚಿತ್ರ, ಗದ್ದೆಯ ಕಡೆಯಿಂದ. (ಇದರಲ್ಲಿ ಫೋಟೋ ತೆಗೆಯುತ್ತಿರುವ ನಾನು ಮಾತ್ರ ಕಾಣುತ್ತೇನೆ.)
೩. ನೋಟಿಸಿನ ಕರಡು, ಬೈಗುಳ ಸಹಿತ.
೪. ಮಾಲತಿಯ ಉಗುರಿನ ಗೀರು ಇರುವ ಶೇಡ್ ಕಾರ್ಡ್. ಇದು ಮೂಲಪ್ರತಿ. ಬಣ್ಣ ನೋಡಿಕೊಂಡು ಜೋಪಾನವಾಗಿ ಹಿಂದಿರುಗಿಸಬೇಕು.

ವಿಶೇಷ ಸೂಚನೆ: ನೋಟಿಸನ್ನು ಮನೆಗೆ ಅಂಟಿಸುವ ಪದ್ಧತಿ ತಮ್ಮಲ್ಲಿದ್ದರೆ, ದಯವಿಟ್ಟು ಬಾಗಿಲಿಗೆ ಅಂಟಿಸಬೇಡಿ. ಗದ್ದೆಯ ಕಡೆಯ ಗಾಜಿಗೆ, ಹೊರಗಿನಿಂದ, ಎತ್ತರದಲ್ಲಿ ಅಂಟಿಸಿ. ಕಚೇರಿಯಲ್ಲಿ ಹಳದಿ ಕಾಗದ ಇಲ್ಲದಿದ್ದರೆ ನಾನು ಕೊಡುತ್ತೇನೆ, ದೊಡ್ಡ ಹಾಳೆಯೇ ಇದೆ. ಏಣಿಯೂ ನನ್ನದೇ. ರಸ್ತೆಯಿಂದ ಅಕ್ಷರ ಓದಲು ಬರುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಅಷ್ಟು ಹಳದಿ ಕಂಡರೆ ಅಲ್ಲಿ ಗೋಡೆ ಇದೆ, ಗೋಡೆಯ ಹಿಂದೆ ನಾನು ಇದ್ದೇನೆ ಎಂದು ಅವಳಿಗೆ ತಿಳಿಯುತ್ತದೆ. ಬಸ್ಸು ಶುಕ್ರವಾರ ಮಧ್ಯಾಹ್ನ ತಿರುವಿಗೆ ಬರುತ್ತದೆ. ನಾಗರಾಜು ಅವರನ್ನು ಅದಕ್ಕೆ ಮೊದಲು ಕಳಿಸಬೇಕಾಗಿ ಕೋರುತ್ತೇನೆ.